ಬಲೂನ್ ಎಂದು ಬರೆಯದ ಗುಮಾಸ್ತ

ತಕ್ಕಡಿಗೆ ಹಾಕಿದರೆ ಐವತ್ತು ಕೆಜಿ ತೂಗದ ಆಸಾಮಿ. ಅದರಲ್ಲೂ ಅರ್ಧ ತೂಕ ಕನ್ನಡಕದ್ದೇ. ಆಕಾಶದಲ್ಲಿ ಕಂಡ ವಿಚಿತ್ರಗಳನ್ನು ವಿಚಾರಿಸುವ ಸರ್ಕಾರಿ ಕಚೇರಿಯ ಗುಮಾಸ್ತರು.

ಹಾಡಹಗಲೇ ನನ್ನ ದಿನಸಿ ಅಂಗಡಿಯ ಮೇಲೆ ಬೆಳ್ಳನೆಯ ಗೋಳವೊಂದು ಸದ್ದಿಲ್ಲದೆ ನಿಂತು, ಗಾಳಿಗೆದುರಾಗಿ ಹೊರಟುಹೋಯಿತೆಂದು ನಾನು ಆ ಕಚೇರಿಗೆ ಬರೆದು ಕೊಟ್ಟಿದ್ದೆ. 'ಇವನ ತಕ್ಕಡಿಯ ತೂಕವೂ ಹೀಗೇ ಸುಳ್ಳಿರಬೇಕು' ಎಂದು ಗಿರಾಕಿಗಳು ಪಕ್ಕದಂಗಡಿ ಹಿಡಿದಿದ್ದರು.

ವಿಚಾರಣೆಗೆ ಬಂದ ಗುಮಾಸ್ತರು ಅಂಗಡಿಯ ತಾರಸಿಯಲ್ಲಿ ನನ್ನ ಕೈ ಚಾಚಿಸಿ, ಗೋಳದ ಗಾತ್ರ ಅಳೆಯಲು ಅಂಗಿಯ ಗುಂಡಿಯೊಂದನ್ನು ಆಕಾಶಕ್ಕೆದುರಾಗಿ ಹಿಡಿಸಿದರು.

"ಇಷ್ಟಿತ್ತಾ, ಅಣ್ಣಾ?"

"ಇದರ ಎರಡರಷ್ಟು."

"ಬಲೂನ್ ಅಂತ ಬರೆದು ಮುಗಿಸು ಅಂದಿದಾರೆ ಸಾಹೇಬರು. ಗಾಳಿಗೆದುರು ಹೋಗೋ ಬಲೂನಾ? ಇಪ್ಪತ್ತು ವರ್ಷದಲ್ಲಿ ಇಂಥದ್ದು ಇದೇ ಮೊದಲು."

ಬರಿದಾದ ಆಕಾಶವನ್ನು ಬಹಳ ಹೊತ್ತು ಬಾಯಿ ತೆರೆದು ನೋಡಿದರು. ನಾನೂ ನೋಡಿದೆ. ಆಮೇಲೆ 'ಏನೆಂದು ತಿಳಿಯದು. ಕಂಡವರ ಮಾತು ನಂಬತಕ್ಕದ್ದು' ಎಂದು ಬರೆದು ಸಹಿ ಹಾಕಿದರು. ಅದರ ನಕಲನ್ನು ಅಂಗಡಿಯ ಗೋಡೆಗೆ ಅಂಟಿಸಿದೆ; ಓದಿದ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು.

ಈ ಊರು ಇಂದಿಗೂ ನನ್ನ ಮಾತನ್ನು ನಂಬುತ್ತಿರುವುದು ಆ ಗುಮಾಸ್ತರಿಂದ.