ದೋಣಿಯ ಹೆಸರಿನಿಂದ ಹುಟ್ಟಿದ ಲಿಂಕು

ಸರ್ವರ್ ಬೀಳಬಹುದಿತ್ತು. ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ನೆಟ್‌ವರ್ಕ್ ಸಾಯಬಹುದಿತ್ತು. ಬಂಗಡೆಯ ಪುಟದಲ್ಲಿ ಸಿಗಡಿಯ ಫೋಟೊ ಬರಬಹುದಿತ್ತು. ಯಾರಾದರೂ ಪಾಸ್‌ವರ್ಡ್ ಕದಿಯಬಹುದಿತ್ತು. ಮೀನುಗಾರರ ಸಂಘಕ್ಕೆ ವೆಬ್‌ಸೈಟ್ ಕಟ್ಟುವಾಗ ಇವಿಷ್ಟಕ್ಕೂ ಹೆದರಿ ಬಿಪಿ ಏರಿಸಿಕೊಂಡವನು ನಾನು. ಒಂದೂ ಆಗಲಿಲ್ಲ.

ಒಂದೊಂದು ದೋಣಿಗೂ ಒಂದೊಂದು ಪುಟ. ಪುಟದ ವಿಳಾಸವನ್ನು ಎಲ್ಲಿಯೂ ಕೈಯಾರೆ ಬರೆಯಕೂಡದು. ಸೈಟಿನಲ್ಲಿರುವ ದೋಣಿಯ ದಾಖಲೆಯನ್ನೇ ಕೇಳಬೇಕು, ಅದೇ ತನ್ನ ವಿಳಾಸ ಹೇಳುತ್ತದೆ. ವಿಳಾಸವನ್ನು ಯಾವುದರಿಂದ ಹುಟ್ಟಿಸುವುದು? ನೋಂದಣಿ ನಂಬರಿನಿಂದ ಅಂದೆ. ಸಂಘದ ಅಧ್ಯಕ್ಷರು ನಕ್ಕರು.

"ನಂಬರ್ ಹಾಕ್ದ್ರೆ ಜೈಲಿನ ಕೈದಿ ಕಂಡಂಗೆ ಕಾಣ್ತದೆ ಮಾರಾಯ್ರೆ. ಹೆಸ್ರು ಹಾಕಿ, ಚಂದ."

ಸೈಟ್ ಕಟ್ಟಲು ಬಳಸಿದ ಫ್ರೇಮ್‌ವರ್ಕಿನ ಕೈಪಿಡಿಯ ಉದಾಹರಣೆಯಲ್ಲೂ ಹೆಸರೇ ಇತ್ತು. ಎಲ್ಲದಕ್ಕೂ ಹೆದರುವ ನಾನು ಇದಕ್ಕೊಂದಕ್ಕೆ ಹೆದರದೆ ಹೂಂ ಎಂದು ತಲೆಯಾಡಿಸಿದೆ.

ಬೇಲೆಕೇರಿಯ ಒಬ್ಬ ಅಕ್ಕ ತಮ್ಮ ದೋಣಿಯ ಮೀನು ಒಣಗಿಸಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಪೊಟ್ಟಣದ ಮೇಲಿನ ಕ್ಯೂಆರ್ ಚೀಟಿಗೆ ಮೊಬೈಲ್ ಹಿಡಿದರೆ ಅವರ ಪುಟ. ಹುಬ್ಬಳ್ಳಿಯ ಗಿರಾಕಿಗಳು ಅಲ್ಲಿಂದಲೇ ಆರ್ಡರ್ ಹಾಕುವುದು. ಈ ಮಳೆಗಾಲ ಮೀನುಗಾರಿಕೆ ಬಂದಾದಾಗ ಅವರು ದೋಣಿಗೆ ಬಣ್ಣ ಹೊಡೆಸಿ, ಹೊಸ ಮೊಮ್ಮಗಳ ಹೆಸರು ಬರೆಸಿದರು. ನನಗೂ ಫೋನ್ ಮಾಡಿ ಹೇಳಿದರು. ದಾಖಲೆಯಲ್ಲಿ ಹೆಸರು ತಿದ್ದಿದೆ. ಸೈಟಿನೊಳಗಿನ ಲಿಂಕುಗಳೆಲ್ಲ ತಾವಾಗಿಯೇ ಹೊಸ ವಿಳಾಸಕ್ಕೆ ತಿರುಗಿದವು. ನನ್ನ ಜಾಣತನ ಮೆಚ್ಚಿ ಒಂದು ಚಹಾ ಕುಡಿದೆ.

ವಾರದೊಳಗೆ ಅಕ್ಕ ಪೊಟ್ಟಣ ಹಿಡಿದು ಕಾರವಾರದ ನನ್ನ ಆಫೀಸಿಗೇ ಬಂದರು. ಚೀಟಿಗೆ ಮೊಬೈಲ್ ಹಿಡಿದರೆ 'ಪುಟ ಸಿಗಲಿಲ್ಲ'.

"ತಮಾ, ದೋಣಿ ಮುಳುಗಿ ಹೋಯ್ತಾ ಅಂತ ಕೇಳ್ತ್ರು ಹುಬ್ಳಿಯವ್ರು!"

"ಹೆಸರು ಬದಲಾಯ್ತಲ್ಲ ಅಕ್ಕಾ, ಚೀಟಿಲಿ ಅಚ್ಚಾಗಿರೋದು ಹಳೇ ವಿಳಾಸ..."

"ಮದ್ವೆಲಿ ನನ್ನ ಹೆಸ್ರೂ ಬದಲ್ ಮಾಡಿದ್ರು. ನಮ್ಮಪ್ಪ ನನ್ನ ಮನೆ ದಾರಿ ಮರ್ತ್ನಾ?"

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಮೇಲಲ್ಲ. ಕೈಪಿಡಿ ಬರೆದವನು ಬೈತಖೋಲ ನೋಡಿಲ್ಲ, ಬಿಡಿ. ಅಧ್ಯಕ್ಷರಿಗೇನಾಗಿತ್ತು? ಅವರ ದೋಣಿಯೇ ಎರಡು ಹೆಸರು ಕಂಡಿದೆ! ನನಗಾದರೂ ಏನಾಗಿತ್ತು? ಹಿಂದಿನ ಹಂಗಾಮು ಕೈಕೊಟ್ಟರೆ, ಮನೆಯಲ್ಲಿ ಕೂಸು ಹುಟ್ಟಿದರೆ, ಇಲ್ಲಿಯವರು ದೋಣಿಯ ಹೆಸರು ಬದಲಿಸುತ್ತಾರೆ. ಬದಲಾಗದ್ದು ನಂಬರೊಂದೇ. ಪ್ರತಿ ಮಳೆಗಾಲ ದೋಣಿಗಳಿಗೆ ಹೊಸ ಹೆಸರು ಬರೆಯುವ ಆ ಬಣ್ಣದ ಡಬ್ಬಿಗಳನ್ನು ದಾಟಿಕೊಂಡೇ ನಾನು ಆಫೀಸಿಗೆ ಹೋಗುವುದು.

ಅಕ್ಕನನ್ನು ಎದುರಿಗೆ ಕೂರಿಸಿಕೊಂಡೇ ವಿಳಾಸವನ್ನು ನಂಬರಿಗೆ ಕಟ್ಟಿದೆ. ಹಳೆಯ ಚೀಟಿಗಳೂ ಅಲ್ಲಿಗೇ ತಲುಪುವಂತೆ ಮಾಡಿದೆ. ಅಕ್ಕ ಚೀಟಿಗೆ ಮತ್ತೆ ಮೊಬೈಲ್ ಹಿಡಿದರು. ಮೊಮ್ಮಗಳ ಹೆಸರು ಹೊತ್ತ ದೋಣಿ ಬಂತು.

ಅಷ್ಟರಲ್ಲಿ ಹುಬ್ಬಳ್ಳಿಯ ಒಬ್ಬ ಗಿರಾಕಿ ಒಣಸಿಗಡಿಯನ್ನು ಬೇರೆ ಕಡೆ ಕೊಂಡಾಗಿತ್ತು. ನಷ್ಟವಾದದ್ದು ಅಷ್ಟೇ.