ಗುಲಾಬಿಯ ಬುಡಕ್ಕೆ ಹರಳುಪ್ಪು

ಸಿಂಗಟಗೆರೆಯ ಸುತ್ತ ಯಾರ ತೆಂಗಿನಮರಕ್ಕೆ ನೆಗಡಿಯಾದರೂ ರುದ್ರಮೂರ್ತಿಗೆ ಕರೆ ಬರುತ್ತಿತ್ತು. ಸುಳಿ ಕೊಳೆತಿರಲಿ, ಎಳೆಗಾಯಿ ಉದುರುತ್ತಿರಲಿ, ಪಂಚೆ ಎತ್ತಿ ಕಟ್ಟಿ, ಕತ್ತೆತ್ತಿ ಒಮ್ಮೆ ನೋಡಿದನೆಂದರೆ ಮದ್ದು ಹೇಳಿಯೇ ಅಲ್ಲಿಂದ ಕದಲುವವನು. ಕೇಳಿದವರಿಗೆ ಹೇಳುವುದು ಸರಿ, ಕೇಳದವರಿಗೂ ಹೇಳುತ್ತಿದ್ದ. ಅದೇ ಅವನ ರೋಗ. ಸ್ವಂತ ತೋಟದ ಪೈಪು ಒಡೆದು ವಾರವಾಗಿದ್ದರೂ ಊರ ಮರಗಳ ನಾಡಿ ಹಿಡಿದು ತಿರುಗುವ ಗಂಡನನ್ನು ಕಂಡು ಸುಮನಾ, “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಕುಟುಕುತ್ತಿದ್ದಳು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದು ಮೀಸೆ ನೀವಿಕೊಳ್ಳುತ್ತಿದ್ದ.

ಇಂಥವನ ಹಿತ್ತಿಲಲ್ಲಿ ಒಂದೇ ಒಂದು ಗಿಡ ಅವನ ಬುದ್ಧಿವಾದ ಕೇಳದೆ ಬೆಳೆದಿತ್ತು. ಬಟ್ಟೆ ಒಗೆಯುವ ಕಲ್ಲಿನಾಚೆ ಇದ್ದ ಸುಮನಾಳ ಗುಲಾಬಿ. ನರ್ಸರಿಯವರು ಅದನ್ನು ಹೈಬ್ರಿಡ್ ಟೀ ಅನ್ನುತ್ತಾರೆ. ಚಹಾಕ್ಕೂ ಅದಕ್ಕೂ ಏನು ನಂಟೋ ಶಿವನೇ ಬಲ್ಲ! ಊರವರ ಬಾಯಲ್ಲಿ ಅದು ಕಸಿ ಗುಲಾಬಿ. ಉದ್ದ ದಂಟಿಗೆ ಒಂದೇ ಹೂವು, ತಿಳಿಗುಲಾಬಿ ಬಣ್ಣ, ಅಂಗೈ ತುಂಬುವ ಗಾತ್ರ. ಸುಮನಾಳ ತಾಯಿ ಈಶ್ವರಮ್ಮ ಶಿವನಿ ಊರಿನ ತನ್ನ ಮನೆಯಲ್ಲಿ ಕಾಡುಗುಲಾಬಿಯ ಕಾಂಡ ಸೀಳಿ, ಅದರೊಳಗೆ ತನ್ನ ಗಿಡದ ಚಿಗುರೊಡೆಯುವ ಕಣ್ಣು ಕೂರಿಸಿ, ಬಾಳೆನಾರು ಸುತ್ತಿ ಮಗಳಿಗೆಂದೇ ಮಾಡಿಕೊಟ್ಟ ಗಿಡ ಅದು. ಹೋದ ವರ್ಷ ಈಶ್ವರಮ್ಮ ಲಿಂಗೈಕ್ಯಳಾದಳು. ಹಳೆಮನೆ ಕೆಡವುವಾಗ ಅಲ್ಲಿದ್ದ ತಾಯಿಗಿಡವನ್ನು ಜೆಸಿಬಿ ಮಣ್ಣಿನ ಜೊತೆಗೇ ಎತ್ತಿ ಲಾರಿಗೆ ಸುರಿಯಿತು. ಅವ್ವನ ಕೈಯ ಗಿಡವೆಂದು ಸುಮನಾಳಿಗೆ ಉಳಿದದ್ದು ಇದೊಂದೇ.

ಗಿಡದ ಮೇಲಿನ ಹೂವನ್ನು ಯಾರೂ ಮೂಸುವಂತಿರಲಿಲ್ಲ. ಮೂಸಿದ ಹೂವು ಲಿಂಗಕ್ಕೆ ಏರದು. ಸುಮನಾ ಮುಂಜಾನೆ ಮಿಂದು ಬಂದು, ಮುಖ ಆಚೆ ತಿರುಗಿಸಿ, ತೋಳು ಚಾಚಿ ಹೂವು ಕೀಳುತ್ತಿದ್ದಳು. ಪೂಜೆಯಾದ ಮೇಲೆ ಅದು ದಿನವಿಡೀ ದೇವರ ಮನೆಯಲ್ಲಿದ್ದು, ಬಾಡಿದ ಮೇಲೆ ಅದೇ ಗಿಡದ ಬುಡಕ್ಕೆ ಹೋಗುತ್ತಿತ್ತು. ಒಂದು ದಿನವೂ ಅವಳು ಅದನ್ನು ಮುಡಿದವಳಲ್ಲ.

ಈ ಬೇಸಿಗೆಯಲ್ಲಿ ತರೀಕೆರೆಯಲ್ಲಿರುವ ಅವಳ ಅಕ್ಕ ಮಲ್ಲಿಕಾಂಬಳಿಗೆ ಪಿತ್ತಕೋಶದ ಆಪರೇಷನ್ ಆಯಿತು. ನೋಡಿಕೊಳ್ಳಲು ಸುಮನಾ ಹೊರಟಳು. ಬಸ್ಸು ಹತ್ತುವಾಗಲೂ ಅವಳದು ಒಂದೇ ಮಾತು.

“ದಿನಾ ನೀರ್ ಹಾಕಿ, ಅಷ್ಟೆ. ನಿಮ್ಮ ಬುದ್ಧಿ ಅದರ ಮೇಲೆ ಓಡಿಸ್ಬೇಡಿ.”

“ಹತ್ತೇ ಮಾರಾಯ್ತಿ, ಕಂಡಕ್ಟರ್ ಸೀಟಿ ಊದ್ತಾವ್ನೆ.”

ಆರಂಭದಲ್ಲಿ ನೀರಷ್ಟೇ ಹಾಕಿದ. ಆದರೆ ಗಿಡದಲ್ಲಿ ಮೊಗ್ಗಿರಲಿಲ್ಲ, ಎಲೆ ಸ್ವಲ್ಪ ಹಳದಿಗೆ ತಿರುಗಿತ್ತು. ಅಕ್ಕನ ಸೇವೆ ಮಾಡಿ ಸೋತು ಬರುವವಳಿಗೆ ಗಿಡದ ತುಂಬ ಮೊಗ್ಗು ತೋರಿಸಿದರೆ ಹೇಗೆ? ಸೊರಗಿದ ತೆಂಗಿಗೆ ಈ ಸೀಮೆಯವರು ಮಾಡುವುದೇನು? ಬುಡ ಬಿಡಿಸಿ, ಹರಳುಪ್ಪು ಹಾಕಿ, ನೀರು ಕಟ್ಟುತ್ತಾರೆ. ಮುತ್ತಜ್ಜನ ಕಾಲದ ಮದ್ದು. ಮುಗಿಲೆತ್ತರದ ಮರಕ್ಕೆ ಒಗ್ಗಿದ್ದು ಸೊಂಟದೆತ್ತರದ ಗಿಡಕ್ಕೆ ಒಗ್ಗದೆ ಇರುತ್ತದೆಯೇ! ಎರಡು ಬೊಗಸೆ ಸುರಿದ. ಪ್ರೀತಿಯಿಂದಲೇ ಸುರಿದ, ಪಾಪ.

ಕೆಲವೇ ದಿನಗಳಲ್ಲಿ ಎಲೆಯಂಚು ಕಂದಿತು. ಆಮೇಲೆ ಚಿಗುರು ಸುರುಟಿಕೊಂಡಿತು. ಮುಟ್ಟಿದರೆ ಎಲೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಆ ಸಂಜೆ ಸುಮನಾ ಫೋನಿನಲ್ಲಿ, “ಗಿಡ ಹೆಂಗೈತ್ರೀ?” ಎಂದಳು.

“ಅದಕ್ಕೇನು ಧಾಡಿ? ಚೆನ್ನಾಗೈತೆ” ಎಂದುಬಿಟ್ಟ. ಫೋನ್ ಇಟ್ಟ ಮೇಲೆ ಬೆವರು ಒರೆಸಿಕೊಂಡ.

ತೋಟದ ಮಾತಾಡಲು ಬಂದ ಪಕ್ಕದ ಮನೆಯ ಲಕ್ಕಣ್ಣ ಗಿಡ ನೋಡಿ ಬೆಚ್ಚಿದ. “ಇದೇನಣ್ಣಾ, ಬೆಂಕಿ ತಾಗಿದಂಗೈತೆ?”

“ಉಪ್ಪು ಹಾಕ್ದೆ ಕಣೋ.”

“ಗುಲಾಬಿಗೆ ಉಪ್ಪಾ! ಉಪ್ಪು ತಿಂದ ಮೇಲೆ ನೀರು ಕುಡೀಲೇಬೇಕು ಬಿಡಣ್ಣ” ಎಂದು ಲಕ್ಕಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

“ನಗಬ್ಯಾಡ್ವೋ. ಅವಳವ್ವನ ಗಿಡ ಅದು. ಅದೊಂದೇ ಇರೋದು.” ಲಕ್ಕಣ್ಣನ ನಗೆ ಅಲ್ಲಿಗೇ ನಿಂತಿತು.

ಇಬ್ಬರೂ ಸೇರಿ ಬುಡದ ಮಣ್ಣು ತೋಡಿ ತೆಗೆದು ಬೇರೆ ಮಣ್ಣು ತುಂಬಿದರು. ಉಳಿದ ಉಪ್ಪು ತೊಳೆದುಹೋಗಲು ನೀರು ಬೇಕು, ಬೋರಿನ ನೀರೋ ಮೊದಲೇ ಸವಳು. ಸರಿ, ಊರ ಫಿಲ್ಟರ್ ನೀರಿನ ಘಟಕದಿಂದ ಕ್ಯಾನುಗಟ್ಟಲೆ ನೀರು ಬೈಕಿನ ಮೇಲೆ ಬಂತು. “ಏನ್ ರುದ್ರಣ್ಣ, ಮನೇಲಿ ಬೀಗರೂಟವಾ?” ಎಂದು ಕಟ್ಟೆಯ ಮೇಲಿದ್ದವರು ಕೇಳಿದರೆ, ಎಲ್ಲದಕ್ಕೂ ಉತ್ತರವಿದ್ದವನು ತಲೆ ತಗ್ಗಿಸಿ ಗಾಡಿ ಓಡಿಸಿದ. ನೀರು ಸುರಿದ, ಸುರಿದ. ಎಲೆಗಳು ಮಾತ್ರ ಉದುರುತ್ತಲೇ ಹೋದವು.

ಆಗಲೇ ಸುಮನಾ, “ಒಂದು ಫೋಟೋ ಕಳ್ಸಿ, ಅಕ್ಕ ನೋಡ್ಬೇಕಂತೆ” ಎಂದಳು. ರುದ್ರಮೂರ್ತಿ ಮೊಬೈಲ್ ತಡಕಿ, ಹೂವು ಬಿಟ್ಟಿದ್ದ ಒಂದು ಹಳೆಯ ಚಿತ್ರ ಹುಡುಕಿ ಕಳುಹಿಸಿದ. ಗೆದ್ದೆ ಅಂದುಕೊಂಡ. ತುಸು ಹೊತ್ತಿಗೆ ಫೋನ್ ಬಂತು.

“ರೀ, ದೀಪಾವಳೀಲಿ ಒಡೆದ್ಹೋದ ನೀಲಿ ಬಕೆಟ್ಟು ಗಿಡದ ಪಕ್ಕ ಎದ್ದು ಕೂತೈತಲ್ಲ?”

ಅವನು ಮೊಬೈಲನ್ನು ಕಿವಿಯಿಂದ ಇಳಿಸಿ ಆ ಚಿತ್ರವನ್ನು ಮತ್ತೆ ತೆರೆದು ನೋಡಿದ.

“ನಾನು ಬತ್ತೀನಿ” ಎಂದಳು ಸುಮನಾ. ಫೋನ್ ಕಟ್ಟಾಯಿತು.

ಮರುದಿನ ಬ್ಯಾಗನ್ನೂ ಇಳಿಸದೆ ಅವಳು ನೇರ ಹಿತ್ತಿಲಿಗೆ ಹೋದಳು. ಬರಿ ಕಡ್ಡಿಗಳು ನಿಂತಿದ್ದವು. ಬಗ್ಗಿ ಬುಡದಾಳದ ಚೂರು ಮಣ್ಣನ್ನು ನಾಲಿಗೆಗೆ ಇಟ್ಟು ಉಗಿದಳು.

“ಉಪ್ಪು.”

“ತೆಂಗಿಗೆ ಹಾಕ್ತೀವಲ್ಲ, ಅದಕ್ಕೇ... ನೀನು ಬರೋ ಹೊತ್ಗೆ ಮೊಗ್ಗಾಗ್ಲಿ ಅಂತ. ತಪ್ಪಾಯ್ತು ಕಣೇ.”

ಕೂಗಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಕೂಗಲಿಲ್ಲ. “ಪೂಜೆ ಆದ್ಮೇಲೆ ಈ ಹೂವು ದಿನವೆಲ್ಲ ದೇವರ ಮನೇಲಿ ಇರ್ತಿತ್ತು. ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಬಗ್ಗಿ ನೋಡಿದ್ರಾ? ಇದರ ವಾಸನೆ ಎಂಥದ್ದು, ಹೇಳಿ ನೋಡಣ.”

ರುದ್ರಮೂರ್ತಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಸುಮನಾ ಕತ್ತರಿ ತಂದು ಒಣಗಿದ್ದನ್ನೆಲ್ಲ ಕತ್ತರಿಸಿದಳು. ಕಸಿಯ ಗಂಟಿನ ಮೇಲೆ ಗೇಣುದ್ದ ಕಾಂಡವಷ್ಟೇ ಉಳಿಯಿತು. ತುದಿಗಳಿಗೆ ಸಗಣಿ ಮೆತ್ತಿದಳು. ಅಂದಿನಿಂದ ಮನೆಯಲ್ಲಿ ಮಾತೆಂದರೆ “ಊಟಕ್ಕೆ ಬನ್ನಿ” ಮಾತ್ರ. ಅವನು ಕ್ಯಾನು ಹೊರುವುದನ್ನು ಬಿಡಲಿಲ್ಲ. ಬೆಳಗಾದರೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂರುವನು. ತೆಂಗಿಗೆ ಮದ್ದು ಕೇಳಲು ಬಂದವರಿಗೆ, “ನೋಡ್ಬೇಕಪ್ಪ, ನಂಗೂ ಸರಿಯಾಗಿ ಗೊತ್ತಿಲ್ಲ” ಅನ್ನತೊಡಗಿದ. ರುದ್ರಣ್ಣನಿಗೆ ಮೈಯಲ್ಲಿ ಹುಷಾರಿಲ್ಲವೆಂದು ಊರೆಲ್ಲ ಸುದ್ದಿಯಾಯಿತು.

ಒಂದು ಮುಂಜಾನೆ ಬುಡದಲ್ಲಿ ಹಸಿರು ಕಂಡಿತು! “ಸುಮನಾ, ಬಾರೇ! ಬದುಕ್ತು ಕಣೇ, ಬದುಕ್ತು!” ಎಂದು ಕೂಗಿಕೊಂಡ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮೊಣಕಾಲೂರಿ, ಮಣ್ಣು ಸರಿಸಿ, ಚಿಗುರು ಎಲ್ಲಿಂದ ಬಂದಿದೆಯೆಂದು ನೋಡಿದಳು. ಮುಖ ಕಳೆಗುಂದಿತು. ಚಿಗುರನ್ನು ಬುಡಸಮೇತ ಮುರಿದು ಎಸೆದಳು.

“ಇದು ಕಾಡುಗುಲಾಬಿ ಕಣ್ರೀ. ಗಂಟಿನ ಕೆಳಗಿಂದ ಬಂದೈತೆ. ಬದುಕಿರೋದು ಬೇರು. ಅವ್ವಂದಲ್ಲ.”

ಅವಳು ಒಳಗೆ ಹೋಗಿ ಅತ್ತದ್ದು ಅವನಿಗೆ ಕೇಳಿಸಿತು. ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ಲಕ್ಕಣ್ಣ ಕರೆದರೂ ಏಳಲಿಲ್ಲ.

ಮುಂಗಾರಿನ ಮೊದಲ ಮಳೆ ಬಿತ್ತು. ಸಗಣಿಯೆಲ್ಲ ತೊಳೆದುಹೋಯಿತು. ಒಂದು ಬೆಳಗ್ಗೆ ಕಾಂಡದ ಮೇಲೆ ಜೋಳದ ಕಾಳಿನಷ್ಟು ಕೆಂಪಗೆ ಏನೋ ಉಬ್ಬಿತ್ತು. ರುದ್ರಮೂರ್ತಿ ಈ ಸಲ ಕೂಗಲಿಲ್ಲ. ಕನ್ನಡಕ ಹಾಕಿ ನೋಡಿದ, ತೆಗೆದು ಒರೆಸಿ ಮತ್ತೆ ಹಾಕಿ ನೋಡಿದ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

“ನಂಗೆ ಗೊತ್ತಾಗಲ್ಲ. ನೀನೇ ಬಂದು ನೋಡು.”

ಸುಮನಾ ಗಂಟಿನ ಮೇಲೆ ಬೆರಳಿಟ್ಟು, ಮೆಲ್ಲಗೆ ಮೇಲಕ್ಕೆ ಸರಿಸಿದಳು. ಬೆರಳು ಕೆಂಪು ಕಣ್ಣಿನ ಹತ್ತಿರ ನಿಂತಿತು. “ಮೇಲೆ ಐತೆ. ಗಂಟಿನ ಮೇಲೆ ಐತೆ ಕಣ್ರೀ” ಎಂದಳು. ಆಮೇಲೆ, “ಅವ್ವಾ” ಎಂದು ಗಿಡದ ಮುಂದೆಯೇ ಕೂತುಬಿಟ್ಟಳು.

ಚಿಗುರು ದಂಟಾಯಿತು, ದಂಟಿನ ತುದಿಗೆ ಮೊಗ್ಗು ಬಂತು. ಅದು ಅರಳಿದ ಬೆಳಗ್ಗೆ ಸುಮನಾ ಬಚ್ಚಲಲ್ಲಿದ್ದಳು. ರುದ್ರಮೂರ್ತಿಯ ಎದೆಯಲ್ಲಿ ಅವಳು ಕೇಳಿದ ವಾಸನೆಯ ಪ್ರಶ್ನೆ ಅಂದಿನಿಂದ ಮುಳ್ಳಿನಂತೆ ಮುರಿದುಕೊಂಡಿತ್ತು. ಮುಟ್ಟಿದರೆ ಎಲ್ಲಿ ಏನಾಗುವುದೋ ಎಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಕಣ್ಣುಮುಚ್ಚಿ ಉಸಿರೆಳೆದುಕೊಂಡ.

ಹಿಂದೆ ಬಳೆ ಸದ್ದಾಯಿತು.

“ಮೂಸಿದ್ರಾ?”

ಅವನ ಜೀವವೇ ಹಾರಿತು. “ಹೂಂ” ಎಂದ.

“ಇನ್ನು ಲಿಂಗಕ್ಕಾಗಲ್ಲ ಬಿಡಿ.”

ಇದನ್ನೂ ಕೆಡಿಸಿದೆನಲ್ಲ ಎಂದು ಅವನು ನಿಂತಲ್ಲೇ ಕುಗ್ಗಿಹೋದ. ಸುಮನಾ ಮುಂದೆ ಬಂದು ಹೂವು ಕಿತ್ತಳು, ಈ ಸಲ ಮುಖ ತಿರುಗಿಸದೆ. ಅದನ್ನು ತನ್ನ ಒದ್ದೆ ತುರುಬಿಗೆ ಸಿಕ್ಕಿಸಿಕೊಂಡಳು.

“ಈಗ ಹೇಳಿ. ಎಂಥ ವಾಸನೆ?”

ರುದ್ರಮೂರ್ತಿ ಅವಳ ತುರುಬಿನ ಕಡೆ ನೋಡಿದ.

“ಗೊತ್ತಾಗಲಿಲ್ಲ ಕಣೇ. ಅತ್ಲಾಗೆ ತಿರುಗು, ಇನ್ನೊಂದ್ಸಲ ನೋಡಿ ಹೇಳ್ತೀನಿ.”