ಗುಡಿಯಾಚೆಯ ಹಳ್ಳ

ನಮ್ಮೂರಿನ ನಕ್ಷೆಯನ್ನು ಪಂಚಾಯಿತಿ ಅಂಗಳದ ನೆಲದ ಮೇಲೆ ಒಂದೇ ದಿನ ಎರಡು ಸಲ ಬರೆದೆವು. ಮೊದಲನೆಯದನ್ನು ಬರೆದವಳು ನಾನು. ಅದರಲ್ಲಿ ಅಳತೆಯ ತಪ್ಪು ಒಂದೂ ಇರಲಿಲ್ಲ. ಆದರೂ ಅದನ್ನು ಗುಡಿಸಿ ಹಾಕಬೇಕಾಯಿತು.

ನಮ್ಮೂರು ಬೇಗೂರಿನಿಂದ ಒಳಗೆ, ಆಟೊದಲ್ಲಿ ಹೋಗುವಷ್ಟು ದೂರ. ನಾನು ಮೈಸೂರಿನಲ್ಲಿ ಭೂಗೋಳದಲ್ಲಿ ಎಂ.ಎಸ್ಸಿ ಮುಗಿಸಿ ಬಂದು, ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಬೆಳಿಗ್ಗೆ ಊರಿನ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬರುವುದು, ಬಂದಮೇಲೆ ಮನೆಯೊಳಗೆ ಇರುವುದು. ಊರಿನವರಲ್ಲಿ ನನ್ನ ಧ್ವನಿ ಕೇಳಿದವರು ಕಡಿಮೆ. ಆ ವರ್ಷ ನಮ್ಮ ಪಂಚಾಯಿತಿಗೆ ಹೊಸದಾಗಿ ಬಂದಿದ್ದ ಪಿಡಿಒ ಮೇಡಂ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಮುಂದಿನ ವರ್ಷದ ಕಾಮಗಾರಿಗಳಲ್ಲಿ ಯಾವುದು ಮೊದಲು ಆಗಬೇಕೆಂದು ಈ ಸಲ ಸದಸ್ಯರು ಒಳಗೆ ಕೂತು ಬರೆಯುವುದಿಲ್ಲ, ವಾರ್ಡ್ ಸಭೆಯಲ್ಲಿ ಜನರೇ ಆರಿಸುತ್ತಾರೆ ಎಂದರು. ಓದಲು ಬಾರದವರಿಗೂ ತಿಳಿಯುವಂತೆ ಊರಿನ ನಕ್ಷೆಯನ್ನು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬರೆಯಬೇಕು. ಪ್ರತಿ ಮನೆಗೂ ಐದು ಹುಣಸೆ ಬೀಜ. ಎಲ್ಲಿ ಕೆಲಸ ಆಗಬೇಕೋ ನಕ್ಷೆಯಲ್ಲಿ ಅಲ್ಲಿಗೆ ಹೋಗಿ ಬೀಜ ಇಡಬೇಕು. ನಕ್ಷೆ ನೀವು ಬರೆದುಕೊಡಿ ಎಂದು ಕೇಳಿದರು. ನಾನು ಒಪ್ಪಿದೆ. ಮಾತನಾಡಬೇಕಾಗಿಲ್ಲವಲ್ಲ ಎಂಬುದು ಒಪ್ಪಲು ಇದ್ದ ಮುಖ್ಯ ಕಾರಣ.

ಇನ್ನೊಂದು ಕಾರಣವೂ ಇತ್ತು. ಮಾರಮ್ಮನ ಗುಡಿಯ ಹಿಂದೆ ಒಂದು ಹಳ್ಳ ಹರಿಯುತ್ತದೆ, ಅದರ ಆಚೆಗೆ ಹಳ್ಳದ ಬೀದಿ. ಆ ಬೀದಿಯ ಒಬ್ಬ ಹೆಂಗಸು ನನ್ನ ತಾಯಿಯ ಜೊತೆ ಚೆಂಡುಹೂ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅಕ್ಕನಿಗೆ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಅವಳ ಕಾಲಿಗೆ ಬಲವಿಲ್ಲ. ಐದನೆಯ ತರಗತಿಯವರೆಗಿನ ಶಾಲೆ ಅವರ ಬೀದಿಯಲ್ಲೇ ಇದೆ. ಆರನೆಯದಕ್ಕೆ ಹಳ್ಳ ದಾಟಿ ಈಚೆ ಬರಬೇಕು. ಅವಳಿಗೆ ಇಲಾಖೆಯಿಂದ ಒಂದು ಗಾಲಿಕುರ್ಚಿ ಸಿಕ್ಕಿತ್ತು. ಅದು ಹಳ್ಳದ ತನಕ ಬರುತ್ತಿತ್ತು. ಹಳ್ಳಕ್ಕೆ ಅಡ್ಡಲಾಗಿ ಹಾಸಿದ್ದದ್ದು ಎರಡು ಕಲ್ಲು ಚಪ್ಪಡಿ, ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಸಂದು. ಆಸ್ಪತ್ರೆಗೋ ಸಂತೆಗೋ ಈಚೆ ಬರಬೇಕೆಂದರೆ ಅಕ್ಕ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಆ ಚಪ್ಪಡಿ ದಾಟುತ್ತಿದ್ದರು.

ಆ ಹುಡುಗಿ ಮಾತಿನಲ್ಲಿ ಚುರುಕು. ಒಮ್ಮೆ ನಮ್ಮ ಜಗಲಿಯ ಮೇಲೆ ಕೂತು, "ನಮ್ಮವ್ವ ಅರ್ಧ ದಾರಿಗೇ ಏದುಸ್ರು ಬುಡ್ತದ. ಇನ್ನೊಂದ್ ವರ್ಸ ಆದ್ರ ನಾನೇ ಅವ್ಳ ಎತ್ಕಂಡ್ ಬರಬೇಕು" ಎಂದಿದ್ದಳು. ನಾವೆಲ್ಲ ನಕ್ಕೆವು. ಅಕ್ಕನೂ ನಕ್ಕರು. ಅವಳು ಅತ್ತ ತಿರುಗಿದ ಮೇಲೆ ನನಗೆ ಮಾತ್ರ ಕೇಳಿಸುವಂತೆ, "ಈ ವರ್ಸ ಎಂಗೋ ಎತ್ಕಂಡಿ ಕಣಮ್ಮಿ. ಜೂನ್‌ನಿಂದ ದಿನಾ ಎರಡ್ ಸಲ ಅಂದ್ರ ನನ್ ಸ್ವಂಟ ಕೇಳಕಿಲ್ಲ. ಐದನೇ ಕ್ಲಾಸ್‌ಗೇ ಬುಡುಸ್ಬೇಕಾಯ್ತದ" ಎಂದರು. ಹಳ್ಳಕ್ಕೆ ಒಂದು ಮೋರಿ, ಅಂದರೆ ಚಿಕ್ಕ ಸೇತುವೆ, ಕಟ್ಟಿ, ಎರಡೂ ಕಡೆ ಇಳಿಜಾರು ಕೊಟ್ಟರೆ ಕುರ್ಚಿ ದಾಟುತ್ತದೆ. ಪಟ್ಟಿಯಲ್ಲಿ ಅದು ಮೊದಲನೆಯದಾಗಿ ಬಂದರೆ ಬೇಸಿಗೆಯಲ್ಲಿ ಕೆಲಸ ಆಗಬಹುದು. ಎರಡನೆಯದಾದರೆ ಯಾವ ವರ್ಷವೋ ಹೇಳಲಾಗದು ಎಂದು ಮೇಡಂ ಮೊದಲೇ ಹೇಳಿದ್ದರು.

ಸಭೆಯ ದಿನ ಬೆಳಿಗ್ಗೆ ಬೇಗ ಹೋದೆ. ಹಿಂದಿನ ದಿನಗಳಲ್ಲಿ ಬೀದಿಗಳನ್ನು ಹೆಜ್ಜೆಯಲ್ಲಿ ಅಳೆದು ಕಾಗದದ ಮೇಲೆ ಗುರುತು ಮಾಡಿಕೊಂಡಿದ್ದೆ. ಕಾಂಪೌಂಡಿನ ಗೋಡೆ ಉತ್ತರಕ್ಕಿತ್ತು, ಗೇಟು ದಕ್ಷಿಣಕ್ಕೆ. ಉತ್ತರವನ್ನು ಮೇಲೆ ಇಟ್ಟು ಬರೆದೆ. ಗೇಟಿನ ಹತ್ತಿರ ಬಸ್ ಸ್ಟಾಪು, ಅದರ ಮುಂದೆ ಶಾಲೆ, ಅಂಗಳದ ನಡುವೆ ಈ ಕೊನೆಯಿಂದ ಆ ಕೊನೆಗೆ ಗುಡಿಯ ಬೀದಿ, ಅದರ ಮಧ್ಯದಲ್ಲಿ ಮಾರಮ್ಮನ ಗುಡಿ, ಅದರಾಚೆ ಗೋಡೆಯ ಬದಿಗೆ ಹಳ್ಳ ಮತ್ತು ಹಳ್ಳದ ಬೀದಿ. ಸಹಾಯಕ್ಕೆ ಬಂದ ಹೆಂಗಸರು ಗುಡಿ ಚೆನ್ನಾಗಿ ಬಂದಿದೆ ಎಂದು ಅದಕ್ಕೆ ಅರಿಸಿನ ಕುಂಕುಮ ಇಟ್ಟರು. ಒಬ್ಬರು ದಾಸವಾಳದ ಹೂವನ್ನೂ ತಂದಿಟ್ಟರು. ನನಗೆ ಸಂತೋಷವಾಯಿತು. ಫೋಟೊ ತೆಗೆದುಕೊಂಡೆ.

ಬೀಜ ಇಡಲು ಮೂರು ಕಡೆ ವೃತ್ತ ಹಾಕಿದ್ದೆ: ಬಸ್ ಸ್ಟಾಪಿಗೆ ದೊಡ್ಡ ದೀಪ, ಶಾಲೆಯ ಬಳಿ ನೀರಿನ ತೊಟ್ಟಿ, ಹಳ್ಳಕ್ಕೆ ಮೋರಿ. ದೀಪ ಬೇಡದ್ದೇನಲ್ಲ. ಗುಂಡ್ಲುಪೇಟೆಯಿಂದ ಕೊನೆಯ ಬಸ್ಸಿಗೆ ಬರುವ ನಾನೇ ಅಲ್ಲಿ ಕತ್ತಲಲ್ಲಿ ಇಳಿಯುತ್ತಿದ್ದವಳು. ಜನ ಗೇಟಿನಿಂದ ಒಳಗೆ ಬಂದು, ಮೇಡಂ ಕೈಯಿಂದ ಬೀಜ ಈಸಿಕೊಂಡು, ನಕ್ಷೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಬಗ್ಗಿ ಇಟ್ಟು ಹೋದರು. ಹಳ್ಳದ ಬೀದಿಯವರೂ ಬಂದರು. ಅಕ್ಕ ಮಗಳನ್ನು ಎತ್ತಿಕೊಂಡು ಬಂದು ಹಿಂದೆ ಕೂರಿಸಿದರು. ಅವರು ನಕ್ಷೆಯ ಆ ತುದಿಯನ್ನು ನೋಡಿದರು, ಸೆರಗು ಸರಿಮಾಡಿಕೊಂಡರು, ಐದೂ ಬೀಜಗಳನ್ನು ಬಸ್ ಸ್ಟಾಪಿನ ದೀಪಕ್ಕೆ ಇಟ್ಟು ಹಿಂದಕ್ಕೆ ಹೋಗಿ ಕೂತರು.

ನಾನು ಕಂಡೆ. ಏಕೆಂದು ಕೇಳಲಿಲ್ಲ. ಬೇರೆಯವರ ಮನಸ್ಸಿನ ವಿಷಯ ಕೇಳುವುದು ನನಗೆ ಬರುವುದಿಲ್ಲ. ಯಾರಾದರೂ ಅವರಿಗೆ ಏನಾದರೂ ಅಂದಿರಬಹುದು, ಅಥವಾ ತಮಗೇ ಬೇಕಾದದ್ದನ್ನು ಹತ್ತು ಜನರ ಮುಂದೆ ಕೇಳಲು ನಾಚಿಕೆಯಾಗಿರಬಹುದು ಎಂದುಕೊಂಡೆ.

ಎಣಿಸುವ ಅಗತ್ಯವೇ ಬೀಳಲಿಲ್ಲ. ದೀಪದ ವೃತ್ತದಲ್ಲಿ ಗುಡ್ಡೆ ಬಿದ್ದಿತ್ತು, ತೊಟ್ಟಿಯಲ್ಲಿ ಸ್ವಲ್ಪ. ಹಳ್ಳದಲ್ಲಿ ಒಂದೂ ಇರಲಿಲ್ಲ. ನಮ್ಮ ವಾರ್ಡಿನ ಸದಸ್ಯರು ಕುರ್ಚಿಯಿಂದ ಎದ್ದು, ಜನ ಏನು ಬೇಕೆಂದು ಹೇಳಿಯಾಯಿತು, ಬರೆದುಕೊಂಡು ಮುಗಿಸೋಣ ಎಂದರು. ಅವರು ಜಮೀನುದಾರರು, ವಿಭೂತಿ ಹಚ್ಚಿ ಬಿಳಿ ಪಂಚೆ ಉಡುವವರು. ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಮೇಡಂ ಪುಸ್ತಕ ತೆರೆದರು.

ನಾನು ನಕ್ಷೆಯನ್ನು ಕೊನೆಯ ಸಲ ನೋಡಿದೆ. ಈಚೆಗೆ ಬಸ್ ಸ್ಟಾಪು, ಶಾಲೆ ಎಲ್ಲವೂ ಕಾಲಿಗೆ ಸಿಕ್ಕಿ ಕಲಸಿಹೋಗಿದ್ದವು. ಗುಡಿಯ ಬೀದಿಯಿಂದ ಆಚೆಗೆ ಒಂದು ಗೆರೆಯೂ ಅಳಿಸಿರಲಿಲ್ಲ. ನಾನು ಬೆಳಿಗ್ಗೆ ಹೇಗೆ ಬರೆದಿದ್ದೆನೋ ಹಾಗೇ ಇತ್ತು. ಅಲ್ಲಿಗೆ ಯಾರೊಬ್ಬರೂ ಹೋಗಿರಲೇ ಇಲ್ಲ.

ಹಿಂದೆ ಕೂತಿದ್ದ ಅಕ್ಕನ ಹತ್ತಿರ ಹೋಗಿ ಬಗ್ಗಿ, ಆಚೆಗೆ ಏಕೆ ಹೋಗಲಿಲ್ಲ ಎಂದು ಕೇಳಿದೆ. ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು. "ಅಮ್ಮನ ಗುಡಿ ಅಡ್ಡ ಇಟ್ಟಿದ್ದೀಯ. ಅರಿಸ್ನ ಕುಂಕ್ಮ ಬೇರೆ ಮಡಗೀರಿ. ತುಳ್ಕಂಡು ಎಂಗಮ್ಮಿ ದಾಟದು?"

ಪಕ್ಕದಲ್ಲಿದ್ದ ಅವರ ಬೀದಿಯ ಹಿರಿಯರೊಬ್ಬರು ಮೆಲ್ಲಗೆ, ಗುಡಿಯ ಹತ್ತಿರ ಹೋಗದೆ ಸುತ್ತು ಬಳಸಿ ಹೋಗುವುದು ತಮಗೆ ರೂಢಿ ಎಂದರು. ಬಳಸಲು ಇಲ್ಲಿ ಜಾಗ ಇರಲಿಲ್ಲವಂತೆ. ನಿಜ. ಗುಡಿಗೆ ತಾಗಿದಂತೆ ಒಂದು ಕಡೆ ಸದಸ್ಯರ ಕುರ್ಚಿಗಳು, ಇನ್ನೊಂದು ಕಡೆ ನಿಲ್ಲಿಸಿದ್ದ ಟ್ರ್ಯಾಕ್ಟರ್. ಆ ರೂಢಿ ಹೇಗೆ ಬಂತೆಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅಂದು ಈಚೆಯ ಬೀದಿಯವರೂ ದಾಟಿರಲಿಲ್ಲ. ಕುಂಕುಮ ಇಟ್ಟ ಗುಡಿಯ ಮೇಲೆ ಕಾಲಿಡುವವರು ಯಾರೂ ನಮ್ಮಲ್ಲಿಲ್ಲ. ನನಗೆ ಅದು ನಕ್ಷೆಯಲ್ಲಿನ ಒಂದು ಗುರುತಾಗಿತ್ತು, ಅಷ್ಟೆ.

ಮೇಡಂ ಬರೆಯಲು ಆರಂಭಿಸಿದ್ದರು. ಅವರ ಕಿವಿಯಲ್ಲಿ ಹೇಳಬಹುದಿತ್ತು. ಆಗ ಅದು ನಮ್ಮಿಬ್ಬರ ಗುಟ್ಟಿನಂತೆ ಕಾಣುತ್ತಿತ್ತು. ನಾನು ನಕ್ಷೆಯ ಪಕ್ಕದಲ್ಲಿ ನಿಂತು, "ತಪ್ಪು ನನ್ನದು" ಎಂದೆ. ಧ್ವನಿ ಸಾಲಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು. ನಾನು ಬರೆದ ನಕ್ಷೆಯಲ್ಲಿ ಹಳ್ಳಕ್ಕೆ ಹೋಗಲು ದಾರಿಯೇ ಇರಲಿಲ್ಲ, ಆದ್ದರಿಂದ ಬೀಜ ಬೀಳಲಿಲ್ಲ, ದಾರಿ ಬಿಟ್ಟು ಮತ್ತೆ ಬರೆಯಬೇಕು ಎಂದೆ.

ಸದಸ್ಯರು ಸಿಟ್ಟಾಗಲಿಲ್ಲ, ನಕ್ಕರು. "ಏನವ್ವಾ, ಮೈಸೂರ್ಗಂಟ ಓಗಿ ಓದ್ಕಂಡ್ ಬಂದು, ನಮ್ಮೂರ್ ಗುಡಿ ಮಗ್ಗುಲ್ಗ ದಾರಿ ಬುಡದು ಗೊತ್ತಾಗ್ನಿಲ್ವಾ?"

ಎಲ್ಲರೂ ನಕ್ಕರು. ನಾನು ಹೌದು ಎಂದೆ. ಸೋತವರಿಗಾಗಿ ಮತ್ತೆ ಮತ್ತೆ ಬರೆಯುತ್ತಾ ಕೂತರೆ ಮುಗಿಯುವುದು ಯಾವಾಗ ಎಂದು ದೀಪ ಬೇಕೆಂದ ಕೆಲವರು ಗೊಣಗಿದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಮೇಡಂ ಮಾತ್ರ ಪುಸ್ತಕ ಮುಚ್ಚಿ, ಇನ್ನೂ ಯಾರ ಸಹಿಯೂ ಆಗಿಲ್ಲ, ಕಾಫಿ ಕುಡಿದು ಬನ್ನಿ, ಬೀಜ ಮತ್ತೆ ಕೊಡುತ್ತೇನೆ ಎಂದರು.

ಎರಡನೆಯ ನಕ್ಷೆಯನ್ನು ಬರೆದವರು ಹೆಂಗಸರು. ನಾನು ಪುಡಿ ಎತ್ತಿಕೊಟ್ಟೆ. ಅವರಿಗೆ ಉತ್ತರ ದಕ್ಷಿಣ ಬೇಕಿರಲಿಲ್ಲ. ಬೀದಿಗಳನ್ನು ಖಾಲಿ ಬಿಟ್ಟು, ಮನೆಗಳ ಸಾಲನ್ನು ಮಾತ್ರ ಬಿಡಿಸಿದರು. ಬಿಟ್ಟ ಜಾಗದಲ್ಲಿ ಒಬ್ಬರು ಆರಾಮವಾಗಿ ನಡೆಯಬಹುದಿತ್ತು. "ಅಮ್ಮ ಒಂದ್ ಕಡ ಕೂತ್ಕಂಡು ನಮ್ಮನ್ನ ನೋಡ್ಕಳ್ಳಿ" ಎಂದು ನನ್ನ ತಾಯಿ ಗುಡಿಯನ್ನು ಗೋಡೆಯ ಬದಿಗೆ, ಊರಿಗೆ ಮುಖ ಮಾಡಿ ಬರೆದರು. ಹಳ್ಳವನ್ನು ಬಟ್ಟೆಗೆ ಹಾಕುವ ನೀಲಿ ಬೆರೆಸಿದ ಪುಡಿಯಲ್ಲಿ ಅಗಲವಾಗಿ ಎಳೆದರು. ಅದಕ್ಕೆ ಸೇತುವೆ ಬರೆಯಲಿಲ್ಲ, ಊರಿನಲ್ಲಿ ಇಲ್ಲವಲ್ಲ.

ಈ ಸಲ ಎಲ್ಲರೂ ಊರಿನೊಳಗೆ ನಡೆಯುವಂತೆಯೇ ನಡೆದರು. ತಮ್ಮ ತಮ್ಮ ಮನೆ ಹುಡುಕಿದರು, ಇಲ್ಲಿ ನಮ್ಮ ಕೊಟ್ಟಿಗೆ ಬಿಟ್ಟುಹೋಗಿದೆ ಎಂದು ಜಗಳ ತೆಗೆದರು. ಮೊದಲು ಸದಸ್ಯರು ಹೊರಟರು. ಬಸ್ ಸ್ಟಾಪು, ಶಾಲೆ ನೋಡಿಕೊಂಡು ನೀಲಿ ಗೆರೆಯ ಹತ್ತಿರ ಬಂದವರು ತಮಗೇ ಅರಿವಿಲ್ಲದೆ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ, ಒಂದು ದೊಡ್ಡ ಹೆಜ್ಜೆ ಹಾಕಿದರು.

ಅಂಗಳದ ಅಂಚಿನಲ್ಲಿ ಅಕ್ಕನ ಮಡಿಲಲ್ಲಿ ಕೂತಿದ್ದ ಹುಡುಗಿ ಹೇಳಿದಳು: "ಯಜಮಾನ್ರೇ, ನೀರಿಲ್ಲ ಕಣಿ ಅಲ್ಲಿ. ಬರೀ ರಂಗೋಲಿ."

ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಅವರೂ ನಕ್ಕರು, ಆದರೆ ಪಂಚೆಯನ್ನು ಇಳಿಬಿಡದೆ ಒಂದು ಕ್ಷಣ ಹಾಗೇ ನಿಂತು ಆ ಹುಡುಗಿಯನ್ನು ನೋಡಿದರು. ಬೀಜ ಇಡುವಾಗ ಮೂರನ್ನು ದೀಪಕ್ಕೇ ಇಟ್ಟರು. ಎರಡನ್ನು ಹಳ್ಳಕ್ಕೆ ಇಟ್ಟರು. ಅವರ ಹಿಂದೆ ಬಂದ ಹೆಂಗಸರಲ್ಲಿ ಅನೇಕರು ಆ ಗೆರೆಯ ಬಳಿ ಸೀರೆ ಎತ್ತಿ ಹಿಡಿದರು. ನಗಿಸುವುದಕ್ಕೆ ಹಾಗೆ ಮಾಡಿದವರು ಯಾರು, ರೂಢಿಯಿಂದ ಮಾಡಿದವರು ಯಾರು ಎಂದು ನನಗೆ ಗೊತ್ತಾಗಲಿಲ್ಲ. ಅಕ್ಕ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದರು. ಗೆರೆಯ ಬಳಿ ಬಂದು ಕಾಲಿನಿಂದ ಚಪ್ಪಡಿ ತಡವುವಂತೆ ನಿಧಾನವಾಗಿ ದಾಟಿದರು. ಬೀಜ ಇಟ್ಟವಳು ಮಗಳು. ಹಳ್ಳದ ಮೋರಿ ಮೊದಲನೆಯದಾಯಿತು. ದೀಪ ಹೆಚ್ಚು ಹಿಂದೆ ಬೀಳಲಿಲ್ಲ.

ಬೇಸಿಗೆಯಲ್ಲಿ ಕೆಲಸ ಶುರುವಾಯಿತು, ಬೇಸಿಗೆಯಲ್ಲಿ ಮುಗಿಯಲಿಲ್ಲ. ಇಳಿಜಾರನ್ನು ಗಾರೆಯವರು ಎತ್ತಿನ ಗಾಡಿಗೆ ಸಾಕೆಂಬಂತೆ ಕಡಿದಾಗಿ ಮಾಡಿದ್ದರು. ಅಕ್ಕ ಕೂಲಿಗೆ ರಜ ಹಾಕಿ, ಕುರ್ಚಿ ತಂದು, ಮಗಳನ್ನು ಕೂರಿಸಿ ತಳ್ಳಿ ತೋರಿಸಿದರು. ಹತ್ತುವಾಗ ಅವರ ಕಾಲು ಜಾರುತ್ತಿತ್ತು. ಒಡೆದು ಮತ್ತೆ ಕಟ್ಟುವಂತೆ ಮೇಡಂ ಹೇಳಿದರು. ಅಷ್ಟರಲ್ಲಿ ಶಾಲೆ ತೆರೆದು ಎರಡು ವಾರವಾಗಿತ್ತು. ಆ ಎರಡು ವಾರ ಹುಡುಗಿ ಆರನೆಯ ತರಗತಿಗೆ ತಾಯಿಯ ಸೊಂಟದ ಮೇಲೆಯೇ ಬಂದಳು. ಮೂರನೆಯ ವಾರ ಕುರ್ಚಿಯಲ್ಲಿ ಬಂದಳು. ಮೊದಲ ದಿನ ತಾಯಿ ತಳ್ಳಿದರು. ಆಮೇಲೆ ಅವಳ ಜೊತೆಯ ಹುಡುಗಿಯರು ತಳ್ಳಲು ತಮ್ಮತಮ್ಮಲ್ಲೇ ಸರದಿ ಮಾಡಿಕೊಂಡರು.

ಮಳೆಗಾಲದ ಸಭೆಗೆ ನಾನು ಹೋದಾಗ ಅಕ್ಕ ಆಗಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಸೆರಗಿನ ಗಂಟಿನಿಂದ ಹೂ ಕಟ್ಟುವ ದಾರದ ಒಂದು ತುಂಡು ತೆಗೆದು ನನಗೆ ತೋರಿಸಿದರು. ಅದರಲ್ಲಿ ಎರಡು ಗಂಟು ಹಾಕಿತ್ತು. ತುದಿಯಿಂದ ಒಂದು ಗಂಟಿನವರೆಗೆ ಕುರ್ಚಿಯ ಅಗಲ, ಇನ್ನೊಂದರವರೆಗೆ ಶಾಲೆಯ ಶೌಚಾಲಯದ ಬಾಗಿಲಿನ ಅಗಲ.

"ಒಂದ್ ಗೇಣು ಕಮ್ಮಿ ಅದ ಕಣಮ್ಮಿ," ಎಂದರು. "ಮಗ್ಳು ಬೆಳಗಿನಿಂದ ನೀರೇ ಕುಡಿಯಕಿಲ್ಲ."

ನಾನು ಬರೆದುಕೊಡಲೇ, ಮೇಡಂಗೆ ಹೇಳಲೇ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು. ಸದಸ್ಯರು ಬಂದು ಕೂತು, ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿ ಮುಗಿಸುವ ಮೊದಲೇ ಅಕ್ಕ ದಾರ ಹಿಡಿದುಕೊಂಡು ಎದ್ದು ನಿಂತರು.